ನಮ್ಮ ಮನೆ ಬೇಲಿಯ ನಾಮಕರಣ

“ಸಾರ್, ಇದು ಯಾವ ಗಿಡ?”

ಕೇಳಿದವರು ಅರ್ಧ ನಿಮಿಷದಲ್ಲಿ ಕೇಳಿ ಹೋದರು. ಉತ್ತರ ಹುಡುಕಲು ನನಗೆ ಎಂಟು ತಿಂಗಳು ಹಿಡಿಯಿತು.

ಯುಗಾದಿಗೆ ಇನ್ನೊಂದು ವಾರ ಇತ್ತು. ಬೆಳಗಿನ ಹೊತ್ತು ಗೇಟಿನ ಮುಂದೆ ಹಾಲಿನ ಪ್ಯಾಕೆಟ್ಟು ಹಿಡಿದು ನಿಂತಿದ್ದೆ. ವಾಕಿಂಗ್ ಹೊರಟಿದ್ದ ಹಿರಿಯರೊಬ್ಬರು ನಮ್ಮ ಬೇಲಿಯ ಮುಂದೆ ನಿಂತು, ಹೆಣ್ಣು ನೋಡಲು ಬಂದವರ ಹಾಗೆ ಅದನ್ನು ಮೇಲಿಂದ ಕೆಳಗೆ ನೋಡಿ ಹೀಗೆ ಕೇಳಿಬಿಟ್ಟರು. ನಾನು ಧೈರ್ಯವಾಗಿ “ಶೋ ಗಿಡ” ಎಂದೆ. “ಅದು ಕಾಣುತ್ತೆ ಸಾರ್, ಹೆಸರೇನು?” ಅಂದರು. ಕೊಂಚ ತಡವರಿಸಿ “ಕ್ರೋಟನ್” ಎಂದೆ. ಅವರು ನನ್ನ ಮುಖವನ್ನೊಮ್ಮೆ, ಬೇಲಿಯನ್ನೊಮ್ಮೆ ನೋಡಿ, ಇಬ್ಬರಲ್ಲಿ ಬೇಲಿಯೇ ವಾಸಿ ಎಂಬಂತೆ ತಲೆಯಾಡಿಸಿ ಹೊರಟುಹೋದರು.

ನೀವು ನಗಬೇಡಿ. ನಿಮ್ಮ ಮನೆಯ ಮುಂದೆಯೂ ಒಂದು ಶೋ ಗಿಡ ಇದೆ, ಅದರ ಹೆಸರು ನಿಮಗೂ ಗೊತ್ತಿಲ್ಲ. ನಮ್ಮ ಕಡೆ ಹೂ ಬಿಟ್ಟರೆ ಹೂವಿನ ಗಿಡ, ಕಾಯಿ ಬಿಟ್ಟರೆ ಹಣ್ಣಿನ ಗಿಡ, ಎರಡೂ ಬಿಡದೆ ಸುಮ್ಮನೆ ಹಸಿರಾಗಿ ನಿಂತರೆ ಕ್ರೋಟನ್. ತಮಾಷೆ ಏನೆಂದರೆ, ನರ್ಸರಿಯವರು ಕ್ರೋಟನ್ ಎಂದು ಮಾರುವ ಬಣ್ಣಬಣ್ಣದ ಎಲೆಯ ಗಿಡವೂ ಶಾಸ್ತ್ರಪ್ರಕಾರ ಕ್ರೋಟನ್ ಅಲ್ಲ. ಅದರ ಕುಲನಾಮ ಕೋಡಿಯಂ. ನಿಜವಾದ ಕ್ರೋಟನ್ ಅದೇ ವಂಶದ ಬೇರೆ ಕುಲ. ಅಂದರೆ ನಾನು ಒಂದೇ ಮಾತಿನಲ್ಲಿ ಎರಡು ತಪ್ಪು ಮಾಡಿದ್ದೆ. ಇಷ್ಟು ಮಿತವ್ಯಯ ನನಗೆ ಬೇರೆ ಯಾವ ವಿಷಯದಲ್ಲೂ ಸಿದ್ಧಿಸಿಲ್ಲ.

ಮೈಸೂರಿನ ಈ ಬಡಾವಣೆಯಲ್ಲಿ ಈ ಮನೆ ಕೊಂಡು 22 ವರ್ಷವಾಯಿತು. ಬೇಲಿ ಮನೆಯ ಜೊತೆಗೇ ಬಂತು. ಎದೆಯೆತ್ತರ, ಸಾಬೂನಿನ ಬಿಲ್ಲೆಯ ಹಾಗೆ ನಾಲ್ಕು ಮೂಲೆ ಸರಿಯಾಗಿ, ವರ್ಷವಿಡೀ ಹಸಿರು. ನಿತ್ಯಹಸಿರು ಅಂದರೆ ಎಲೆ ಉದುರುವುದೇ ಇಲ್ಲ ಎಂದುಕೊಂಡಿದ್ದೆ. ಗುಡಿಸುವವರನ್ನು ಕೇಳಿದರೆ ಸತ್ಯ ತಿಳಿಯುತ್ತದೆ. ತೇಗದ ಮರ ಒಂದೇ ಸಲ ಎಲೆಯನ್ನೆಲ್ಲ ಕಳಚಿ ಬರಿಗೈಯಲ್ಲಿ ನಿಲ್ಲುತ್ತದೆ, ಇದು ಕಂತಿನ ಮೇಲೆ ಉದುರಿಸುತ್ತದೆ. ಗುಡಿಸುವ ಕೆಲಸ ಮಾತ್ರ ನಿತ್ಯ.

ಅವಮಾನ ನುಂಗಿಕೊಂಡು ಒಳಗೆ ಹೋಗಿ ಹೆಂಡತಿಯನ್ನು ಕೇಳಿದೆ. ಅವಳು ಒಗ್ಗರಣೆ ಬಿಟ್ಟು ಬರಲಿಲ್ಲ. ಅಡುಗೆಮನೆಯ ಹಿತ್ತಲ ಬಾಗಿಲಿನಿಂದ ಕೈ ಚಾಚಿ ಒಂದು ಕುಡಿ ಮುರಿದು, ಮೂಸಿ, “ಇದು ಕರಿಬೇವಿನ ನೆಂಟ ಕಣ್ರೀ” ಎಂದಳು. “ಕರಿಬೇವು ಅಂತೀಯಾ?” “ಕರಿಬೇವು ಅಂದೆನಾ? ನೆಂಟ ಅಂದೆ. ಸಾರಿಗೆ ಹಾಕೋಕಾಗಲ್ಲ.” ನೆಂಟರ ವಿಷಯದಲ್ಲಿ ಅವಳಿಗಿರುವ ಈ ಸ್ಪಷ್ಟತೆ ನನಗೆ ಯಾವತ್ತೂ ಬಂದಿಲ್ಲ.

ಪಕ್ಕದ ಮನೆಯವರು ನಿವೃತ್ತ ಗಣಿತದ ಮೇಷ್ಟ್ರು. ಅವರ ಮತ್ತು ನಮ್ಮ ನಡುವಿನ ಗಡಿಯೂ ಇದೇ ಬೇಲಿ. 22 ವರ್ಷದಿಂದ ಅದರ ಮೇಲೆ ದಿನಪತ್ರಿಕೆ, ನುಗ್ಗೆಕಾಯಿ, ಆಗಾಗ ಜಗಳ ಎಲ್ಲವೂ ದಾಟಿವೆ. ಕೇಳಿದ್ದೇ ತಡ, ತಮ್ಮ ಕಡೆಯಿಂದ ಒಂದು ರೆಂಬೆ ಎಳೆದು, ಎಲೆಯನ್ನು ಅಂಗೈಯಲ್ಲಿ ಹೊಸೆದು, “ಗೋರಂಟಿ ಸ್ವಾಮಿ, ಇದರಲ್ಲಿ ಸಂದೇಹವೇ ಇಲ್ಲ. ನನ್ನ ಮಗಳು ಚಿಕ್ಕವಳಿದ್ದಾಗ ಇಲ್ಲೇ ಕಿತ್ತು ಅರೆದು ಕೈಗೆ ಹಚ್ಚಿಕೊಳ್ಳೋಳು” ಎಂದರು. ಮದರಂಗಿ ಅನ್ನುತ್ತಾರಲ್ಲ, ಅದು. ಬೇರೆ ಕೆಲವು ಕಡೆ ಗೋರಂಟೆ, ಗೋರಟೆ ಎಂದರೆ ಮುಳ್ಳುಮುಳ್ಳಾದ, ಹಳದಿ ಹೂವಿನ ಬೇರೆಯೇ ಗಿಡ. ಆದ್ದರಿಂದ ಇಬ್ಬರು ಕನ್ನಡಿಗರು ಗೋರಂಟಿಯ ಬಗ್ಗೆ ಒಂದು ಗಂಟೆ ಮಾತಾಡಿ, ಪೂರ್ತಿ ಒಪ್ಪಿಕೊಂಡು, ಬೇರೆ ಬೇರೆ ಗಿಡ ಮನಸ್ಸಿನಲ್ಲಿಟ್ಟುಕೊಂಡು ಎದ್ದುಹೋಗುವುದು ಸಾಧ್ಯ.

ತಿಂಗಳಿಗೊಮ್ಮೆ ಬರುವ ಮಾಲಿ ಗೇಟಿನ ಹತ್ತಿರ ಕತ್ತರಿ ಮಸೆಯುತ್ತಿದ್ದವನು, ಅಲ್ಲಿಯೇ ಒಂದು ಎಲೆ ಹಿಸುಕಿ ಬೆರಳಿಗೆ ಬೆರಳು ಅಂಟಿಸಿ ತೋರಿಸಿದ. “ಅಂಟಂಟು ನೋಡಿ ಬುದ್ಧಿ. ಬಂದ್ರೆ ಗಿಡ ಇದು. ನಮ್ಮೂರ ಗುಡ್ಡದ ತುಂಬಾ ಐತೆ. ಮೇಕೆನೂ ಮೂಸಾಕಿಲ್ಲ.” ಮೇಕೆ ಮೂಸದ ಗಿಡವೆಂದರೆ ಬೇಲಿಗೆ ಅದಕ್ಕಿಂತ ದೊಡ್ಡ ಪದವಿ ಇಲ್ಲ.

ಮೂರು ಜನ, ಮೂರು ಹೆಸರು, ಮೂವರಿಗೂ ಸಂದೇಹವಿಲ್ಲ. ಸಂದೇಹವೆಲ್ಲ ನನ್ನ ಪಾಲಿಗೆ ಉಳಿಯಿತು. ಸ್ವಂತ ಸಂಶೋಧನೆ ಮಾಡೋಣವೆಂದು ಕಾರು ನಿಲ್ಲಿಸುವ ಕಡೆ ಒಂದು ರೆಂಬೆ ಮುರಿದೆ. ಬೆಳ್ಳಗೆ ಹಾಲು ತೊಟ್ಟಿಕ್ಕಿ ಅಂಗಿಯ ಮೇಲೆ ಬಿತ್ತು. ಕರಿಬೇವಿಗೆ ಹಾಲಿಲ್ಲ, ಗೋರಂಟಿಗೆ ಹಾಲಿಲ್ಲ, ಬಂದ್ರೆಗೂ ಇಲ್ಲ. ಹಾಗಾದರೆ ಕಳ್ಳಿಯ ಜಾತಿ ಎಂದು ತೀರ್ಮಾನಿಸಿದೆ. ಕಲೆ ಇನ್ನೂ ಹೋಗಿಲ್ಲ, ತೀರ್ಮಾನ ಹೋಯಿತು.

ಇಂಗ್ಲೆಂಡಿನಲ್ಲಿರುವ ಮಗ ಭಾನುವಾರ ಫೋನು ಮಾಡಿದಾಗ ಅಹವಾಲು ಹೇಳಿಕೊಂಡೆ. “ಇಷ್ಟೇನಾ ಅಪ್ಪಾ?” ಎಂದು ಮೊಬೈಲಿಗೆ ಒಂದು ಆಪ್ ಹಾಕಿಸಿದ. ಫೋಟೋ ತೆಗೆದರೆ ಗಿಡದ ಹೆಸರು ಹೇಳುತ್ತದಂತೆ. ಬೀದಿ ಮೂಲೆಯ ಕಡೆ ಬೆಳಕು ಚೆನ್ನಾಗಿತ್ತು, ಅಲ್ಲಿ ತೆಗೆದೆ. ಆಪ್ ಒಂದು ಸುತ್ತು ತಿರುಗಿ “ಪ್ರೈವೆಟ್” ಎಂದಿತು. ಮೇಷ್ಟ್ರಿಗೆ ಕೂಗಿ ಹೇಳಿದೆ. “ಪ್ರೈವೇಟೇ ಮತ್ತೆ, ಇದೇನು ಕಾರ್ಪೊರೇಷನ್ನಿನ ಬೇಲಿಯಾ?” ಎಂದರು.

ಪ್ರೈವೆಟ್ ಎಂಬುದು ನಿಜವಾಗಿ ಒಂದು ಗಿಡ. ಲಿಗಸ್ಟ್ರಂ ಅದರ ಶಾಸ್ತ್ರೀಯ ಹೆಸರು, ನಮ್ಮ ಮಲ್ಲಿಗೆಯ ವಂಶ. ಇಂಗ್ಲೆಂಡಿನಲ್ಲಿ ಸಾಲುಮನೆಗಳ ಮುಂದೆಲ್ಲ ಅದರದೇ ಬೇಲಿ. ನಮ್ಮ ಪಶ್ಚಿಮಘಟ್ಟದಲ್ಲೂ ಅದರ ದಾಯಾದಿಗಳುಂಟು, ಆದರೆ ಅವು ಮೈಸೂರಿಗೆ ಬಂದು ನಮ್ಮ ಮನೆಯ ಮೂಲೆಯಲ್ಲಿ ನಿಂತಿದ್ದು ನಾನು ಕೇಳಿಲ್ಲ. ಕತ್ತರಿಸಿದ ಹಸಿರು ಗೋಡೆ, ಸಣ್ಣ ಎಲೆ, ಎದುರುಬದುರು ಜೋಡಣೆ ಇಷ್ಟು ಕಂಡರೆ ಆ ಆಪ್‌ಗೆ ತನ್ನ ತವರು ನೆನಪಾಗುತ್ತದೆಂದು ಕಾಣುತ್ತದೆ.

ಮಗ ಅಲ್ಲಿಯ ಬೇಲಿಗಳ ಕಥೆ ಹೇಳಿದ. ಆ ದೇಶದಲ್ಲಿ ಲೇಲ್ಯಾಂಡಿ ಎಂಬ ಸೈಪ್ರೆಸ್ ಜಾತಿಯ ಗಿಡವಿದೆ. ಅಮೆರಿಕದ ಎರಡು ಬೇರೆ ಬೇರೆ ಮರಗಳು ವೇಲ್ಸಿನ ಒಂದು ತೋಟದಲ್ಲಿ ಅಕ್ಕಪಕ್ಕ ನಿಂತು, ಯಾರ ಒಪ್ಪಿಗೆಯನ್ನೂ ಕೇಳದೆ ಹುಟ್ಟಿಸಿದ ಮಿಶ್ರತಳಿ. ವರ್ಷಕ್ಕೆ ಹತ್ತಿರ ಹತ್ತಿರ ಒಂದು ಮೀಟರ್ ಏರುತ್ತದೆ. ಪಕ್ಕದ ಮನೆಯವರ ಮುಖ ನೋಡಬಾರದು ಎಂದು ನೆಟ್ಟರೆ ನಾಲ್ಕೈದು ವರ್ಷದಲ್ಲಿ ಸೂರ್ಯನ ಮುಖವೂ ಕಾಣುವುದಿಲ್ಲ. ಜಗಳ ಎಷ್ಟು ಹೆಚ್ಚಿತೆಂದರೆ 2003ರ ಒಂದು ಕಾನೂನಿನಲ್ಲಿ ‘ಎತ್ತರದ ಬೇಲಿ’ಗೆ ವ್ಯಾಖ್ಯೆಯನ್ನೇ ಬರೆದರು: ಎರಡು ಅಥವಾ ಹೆಚ್ಚು ನಿತ್ಯಹಸಿರು ಇಲ್ಲವೇ ಅರೆ ನಿತ್ಯಹಸಿರು ಗಿಡಮರಗಳ ಸಾಲು, ನೆಲದಿಂದ 2 ಮೀಟರಿಗಿಂತ ಎತ್ತರ, ಬೆಳಕಿಗೋ ಓಡಾಟಕ್ಕೋ ಅಡ್ಡ. ಆ ಕಾನೂನಿನ ಹೆಸರು ಸಮಾಜವಿರೋಧಿ ನಡವಳಿಕೆಯ ಕಾಯಿದೆ! ಬೇಲಿಯನ್ನು ಪುಂಡರ ಪಟ್ಟಿಗೆ ಸೇರಿಸಿದ ಜನ ಅವರು. ನಮ್ಮಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದರೂ ಗಾದೆ ಮಾಡಿ ಸುಮ್ಮನಾಗಿದ್ದೇವೆ.

ಮೇಷ್ಟ್ರಿಗೆ ಇದನ್ನು ಹೇಳಿದ್ದೇ ತಪ್ಪಾಯಿತು. ಇಂಗ್ಲಿಷರು ಅಂದ ಕೂಡಲೇ ಅವರಿಗೆ ಶ್ರೀರಂಗಪಟ್ಟಣ ನೆನಪಾಗುತ್ತದೆ. ಟಿಪ್ಪುವಿನ ಕೋಟೆಗೆ ಕಲ್ಲಿನ ಗೋಡೆ ಇದ್ದದ್ದು ಎಲ್ಲರಿಗೂ ಗೊತ್ತು. ಹೊಳೆಯಾಚೆ ದೂರದಲ್ಲಿ ಬಿದಿರು, ಕತ್ತಾಳೆ, ಕಳ್ಳಿ, ಮುಳ್ಳುಕಂಟಿಗಳನ್ನು ಒತ್ತೊತ್ತಾಗಿ ಬೆಳೆಸಿದ ದೊಡ್ಡ ಬೇಲಿಯೂ ಇತ್ತು. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸ್ ಮೂರು ದಂಡು ಕಟ್ಟಿಕೊಂಡು ನುಗ್ಗಿದಾಗ ಮೊದಲು ದಾಟಬೇಕಾಗಿ ಬಂದದ್ದು ಈ ಬೇಲಿಯನ್ನು. ಆಗಿನ ಇಂಗ್ಲಿಷ್ ವರದಿಗಳಲ್ಲಿ, ನಕ್ಷೆಗಳಲ್ಲಿ ‘ಬೌಂಡ್ ಹೆಜ್’ ಎಂದು ಅದಕ್ಕೆ ಗೌರವದ ಜಾಗವಿದೆ. ಅಷ್ಟಕ್ಕೆ ಬಿಡದೆ ಮೇಷ್ಟ್ರು ಉತ್ತರದ ಉಪ್ಪಿನ ಬೇಲಿಗೂ ಹೋದರು. ಉಪ್ಪಿನ ಸುಂಕ ತಪ್ಪಿಸಿಕೊಳ್ಳಬಾರದೆಂದು ಬ್ರಿಟಿಷರು ಸಿಂಧೂ ಕಡೆಯಿಂದ ಮಹಾನದಿಯವರೆಗೆ ಸುಂಕದ ಗಡಿ ಎಳೆದು, ಅದರುದ್ದಕ್ಕೂ ನೂರಾರು ಮೈಲಿ ಜೀವಂತ ಬೇಲಿ ಬೆಳೆಸಿದ್ದರು. 1867ರಿಂದ 1870ರವರೆಗೆ ಅದರ ಮೇಲ್ವಿಚಾರಣೆಯ ಕಮಿಷನರ್ ಯಾರು? ಮುಂದೆ ಕಾಂಗ್ರೆಸ್ ಹುಟ್ಟುಹಾಕಿದ ಎ.ಓ. ಹ್ಯೂಮ್! 1879ರಲ್ಲಿ ಗಡಿ ರದ್ದಾಯಿತು, ಬೇಲಿ ಎಷ್ಟರಮಟ್ಟಿಗೆ ಮರೆತುಹೋಯಿತೆಂದರೆ ರಾಯ್ ಮಾಕ್ಸ್‌ಹ್ಯಾಮ್ ಎಂಬವರು ಊರೂರು ಅಲೆದು ಅದರ ಕುರುಹು ಹುಡುಕಿ, 2001ರಲ್ಲಿ ಒಂದು ಪುಸ್ತಕವನ್ನೇ ಬರೆಯಬೇಕಾಯಿತು. “ಅದು ಯಾವ ಗಿಡದ್ದು ಮೇಷ್ಟ್ರೇ?” ಎಂದೆ. “ಯಾವುದಾದರೂ ಒಂದೇ ಗಿಡ ಅಂತ ಯಾರು ಹೇಳಿದರು ನಿಮಗೆ? ಜಾಲಿ, ಬೋರೆ, ಕವಳೆ, ಪಾಪಾಸುಕಳ್ಳಿ, ಆಯಾ ನೆಲಕ್ಕೆ ಯಾವುದು ಹತ್ತುತ್ತೋ ಅದು.”

ಈ ಮಾತನ್ನು ನಾನು ಆಗಲೇ ಗಮನಿಸಬೇಕಿತ್ತು. ಗಮನಿಸಲಿಲ್ಲ. ಪಾಪಾಸು ಎಂದರೆ ಚಪ್ಪಲಿ, ಆ ಕಳ್ಳಿಯ ತಟ್ಟೆ ಚಪ್ಪಲಿಯ ಅಟ್ಟೆಯಂತಿರುವುದರಿಂದ ಆ ಹೆಸರು ಎಂದು ನನಗೆ ಗೊತ್ತಿದ್ದ ಒಂದೇ ವಿಷಯವನ್ನು ಹೇಳಿ ಮರ್ಯಾದೆ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿದ್ದೆ.

ಕೊನೆಗೆ ಕೈಹಿಡಿದವಳು ತಂಗಿಯ ಮಗಳು. ಬಿ.ಎಸ್‌ಸಿ.ಯಲ್ಲಿ ಬಾಟನಿ ಓದುತ್ತಾಳೆ. ಬೇಸಿಗೆ ರಜೆಗೆ ಬಂದವಳ ಮುಂದೆ ತುದಿ ಕತ್ತರಿಸಿದ ಕಡ್ಡಿಯೊಂದನ್ನು ಹಿಡಿದೆ. ಅವಳು ಅದನ್ನು ನೋಡಲೂ ಇಲ್ಲ. “ಹೂವು ಎಲ್ಲಿ ಮಾವ?”

“ಶೋ ಗಿಡಕ್ಕೆ ಹೂವು ಎಲ್ಲಿಂದಮ್ಮಾ?”

“ಇರೋದೆಲ್ಲ ಹೂ ಬಿಡೋ ಗಿಡಾನೇ. ನೀವು ಬಿಡೋಕೆ ಬಿಟ್ಟಿಲ್ಲ, ಅಷ್ಟೇ.”

ಆಗ ಮೊದಲ ಸಲ ವಿಷಯ ತಲೆಗೆ ಹೋಯಿತು. ಗಿಡ ಗುರುತಿಸುವವರು ಲಿನೇಯಸನ ಕಾಲದಿಂದ ಹೂವನ್ನೇ ಬಿಡಿಸಿ ನೋಡುತ್ತಾ ಬಂದವರು. ಎಸಳೆಷ್ಟು, ಕೇಸರ ಎಷ್ಟು, ಕಾಯಿ ಹೇಗೆ ಒಡೆಯುತ್ತದೆ. ಬೇಲಿಯ ಯಜಮಾನ ಮಾಡುವ ಮೊದಲ ಕೆಲಸ ಆ ಗುರುತಿನ ಚೀಟಿಯನ್ನು ಹರಿದುಹಾಕುವುದು. ಹೂವಿನ ಮೊಗ್ಗು ಬಹಳಷ್ಟು ಗಿಡಗಳಲ್ಲಿ ಹೊಸ ಚಿಗುರಿನ ತುದಿಯಲ್ಲಿ ಕೂರುತ್ತದೆ, ಕತ್ತರಿ ಮೊದಲು ಹೋಗುವುದೂ ಅಲ್ಲಿಗೇ. ಬೇಲಿ ದಟ್ಟವಾಗುವ ಗುಟ್ಟೂ ಇದೇ. ತುದಿಯ ಮೊಗ್ಗು ಹಳೇ ಕಾಲದ ಒಟ್ಟು ಕುಟುಂಬದ ಯಜಮಾನನಿದ್ದ ಹಾಗೆ. ತಾನಿರುವವರೆಗೆ ಕೆಳಗಿನ ಕಣ್ಣುಗಳನ್ನು ತಲೆಯೆತ್ತಲು ಬಿಡುವುದಿಲ್ಲ. ಆಕ್ಸಿನ್ ಎಂಬ ರಸ ಇಳಿಸಿ ಎಲ್ಲರನ್ನೂ ಅದುಮಿಟ್ಟಿರುತ್ತದೆ. ಅದರ ತಲೆ ತೆಗೆದಿರೋ, ಮಲಗಿದ್ದ ಕಣ್ಣುಗಳೆಲ್ಲ ಎದ್ದು ತಲೆಗೊಂದು ಸಂಸಾರ ಹೂಡುತ್ತವೆ. ತಿಂಗಳು ತಿಂಗಳು ತಲೆ ತೆಗೆಯುತ್ತಾ ಹೋದರೆ ಹಸಿರು ಗೋಡೆ.

ಹೂವಿಲ್ಲದೆ ಗುರುತಿಸುವ ದಾರಿಯನ್ನೂ ಹೇಳಿದಳು. ಎಲೆಗಳು ಪಂಕ್ತಿಯೂಟದವರ ಹಾಗೆ ಎದುರುಬದುರು ಕೂತಿವೆಯೋ, ಮೆಟ್ಟಿಲು ಹತ್ತುವ ಕಾಲಿನ ಹಾಗೆ ಒಂದಾದ ಮೇಲೊಂದೋ. ಕಡ್ಡಿ ದುಂಡಗೋ, ಚೌಕವೋ. ಮುರಿದರೆ ಹಾಲೋ, ನೀರೋ. ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿ ಚುಚ್ಚಿದಂಥ ಚುಕ್ಕಿಗಳು ಕಾಣುತ್ತವೆಯೋ. ಇನ್ನೊಂದು ನನಗೆ ಬಹಳ ಹಿಡಿಸಿತು: ನಾವು ಎಲೆ ಅಂದುಕೊಂಡದ್ದು ನಿಜವಾಗಿ ಎಲೆಯೋ, ಎಲೆಯ ಒಂದು ಚೂರೋ? ಎಲೆಯಾದರೆ ತೊಟ್ಟಿನ ಕಂಕುಳಲ್ಲಿ ಮೊಗ್ಗಿರಬೇಕು. ಕರಿಬೇವಿನ ಒಂದು ಎಸಳಿನ ಬುಡದಲ್ಲಿ ಮೊಗ್ಗು ಹುಡುಕಿ ನೋಡಿ, ಸಿಗುವುದಿಲ್ಲ, ಏಕೆಂದರೆ ಆ ಕಡ್ಡಿಯಷ್ಟೂ ಸೇರಿ ಒಂದೇ ಎಲೆ. 60 ದಾಟಿದ ಮೇಲೆ ಇದು ತಿಳಿಯಿತು. ಇಷ್ಟು ದಿನ ಒಗ್ಗರಣೆಗೆ ಎಷ್ಟು ಎಲೆ ಹಾಕಿದ್ದೇವೆಂದು ತಪ್ಪು ಲೆಕ್ಕ ಇಟ್ಟಿದ್ದೆ.

“ಇಷ್ಟೆಲ್ಲ ಯಾಕೆ ಮಾವ, ಆರು ತಿಂಗಳು ಕತ್ತರಿ ಮುಟ್ಟಿಸಬೇಡಿ. ಅದೇ ಹೇಳುತ್ತೆ” ಎಂದು ಹೊರಟಳು. ಹೋಗುವಾಗ ಬಿ.ಜಿ.ಎಲ್. ಸ್ವಾಮಿಯವರ ‘ಹಸಿರು ಹೊನ್ನು’ ನನ್ನ ಕೈಗಿಟ್ಟಳು. 1978ರಲ್ಲಿ ಸಾಹಿತ್ಯ ಅಕಾಡೆಮಿ ಬಹುಮಾನ ಬಂದ ಪುಸ್ತಕ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿ ಗಿಡ ಗುರುತಿಸಿದ ಮೇಷ್ಟ್ರ ಬರಹ. ಅವರಿಗೆ ಪಶ್ಚಿಮಘಟ್ಟ ದಕ್ಕಿತು, ನನಗೆ ನಲವತ್ತಡಿ ಬೇಲಿ ದಕ್ಕಲಿಲ್ಲ.

ಮಾಲಿಗೆ ರಜೆ ಕೊಟ್ಟೆ. ಮಳೆ ಹಿಡಿಯಿತು. ಆಷಾಢ ಕಳೆಯುವಷ್ಟರಲ್ಲಿ ಸಾಬೂನಿನ ಬಿಲ್ಲೆ ಹೋಗಿ, ಹಾಸಿಗೆಯಿಂದ ಆಗಷ್ಟೇ ಎದ್ದವನ ತಲೆಯಾಯಿತು. ಬೀದಿಯವರಿಗೆ ಕಳವಳ ಶುರುವಾಯಿತು. “ಹುಷಾರಾಗಿದ್ದೀರಾ ತಾನೇ?” ಎಂದು ವಿಚಾರಿಸಿಕೊಂಡರು. ಹಾವು ಸೇರುತ್ತದೆ ಎಂದು ಒಬ್ಬರು, ಕಳ್ಳ ಸೇರುತ್ತಾನೆ ಎಂದು ಇನ್ನೊಬ್ಬರು. ಸೇರಿದ್ದು ಒಂದು ಓತಿಕೇತ. ಕತ್ತು ಕೆಂಪಗೆ ಮಾಡಿಕೊಂಡು ಬಂದವರಿಗೆಲ್ಲ ತಲೆಯಾಡಿಸುತ್ತಿತ್ತು. ಓತಿಕೇತಕ್ಕೆ ಬೇಲಿಗೂಟ ಸಾಕ್ಷಿ ಎಂದು ಗಾದೆ. ನನ್ನ ಬೇಲಿಗೆ ಓತಿಕೇತವೇ ಸಾಕ್ಷಿಯಾಯಿತು.

ಮೊದಲು ಬಾಯಿಬಿಟ್ಟದ್ದು ಬೀದಿ ಮೂಲೆ. ತಿಳಿನೀಲಿ ಹೂವಿನ ಗೊಂಚಲು ಬಾಗಿ, ಹಿಂದೆಯೇ ಕಿತ್ತಳೆ ಬಣ್ಣದ ಮಣಿಸರದಂಥ ಕಾಯಿ. ಫೋಟೋ ಕಳಿಸಿದ ಕೂಡಲೇ ಹುಡುಗಿ “ಡುರಾಂಟ” ಎಂದಳು. ಅಮೆರಿಕ ಖಂಡದಿಂದ ಬಂದದ್ದು. 16ನೇ ಶತಮಾನದಲ್ಲಿ ಇಟಲಿಯಲ್ಲಿದ್ದ ದುರಾಂತೆ ಎಂಬ ವೈದ್ಯನ ಹೆಸರು ಅದಕ್ಕಂಟಿದೆ. ಕಾಯಿ ನೋಡಲು ಚಂದ, ತಿಂದರೆ ವಿಷ, ಮಕ್ಕಳಿರುವ ಮನೆಯವರು ಜೋಪಾನ. ಅಲ್ಲಿಗೆ ಮುಗಿಯಿತಲ್ಲ ಎಂದುಕೊಂಡು ಹೆಂಡತಿಗೆ, ಮೇಷ್ಟ್ರಿಗೆ, ಮಾಲಿಗೆ ಮೂವರಿಗೂ ಅವರ ತಪ್ಪನ್ನು ತಿಳಿಸಿದೆ. ಸ್ವಲ್ಪ ಸಂತೋಷದಿಂದಲೇ ತಿಳಿಸಿದೆ.

ಮರುವಾರ ಹಿತ್ತಲ ಕಡೆ ಬೇಲಿ ರಾತ್ರೋರಾತ್ರಿ ಬೆಳ್ಳಗಾಯಿತು. ಮಲ್ಲಿಗೆಗೂ ನಿಂಬೆಹೂವಿಗೂ ನಡುವಿನ ಪರಿಮಳ. ಎಲೆಯನ್ನು ಬೆಳಕಿಗೆ ಹಿಡಿದೆ, ಚುಕ್ಕಿ. ಒಂದು ಕಡ್ಡಿಯಲ್ಲಿ ಐದಾರು ಎಸಳು, ಬುಡದಲ್ಲಿ ಮೊಗ್ಗಿಲ್ಲ. ಕಾಡು ಕರಿಬೇವು! ನರ್ಸರಿಯಲ್ಲಿ ‘ಕಾಮಿನಿ’ ಎಂದು ಕೇಳಬೇಕಂತೆ. “ಹೇಳಿದ್ದೆನಲ್ಲ ನೆಂಟ ಅಂತ” ಎಂದಳು ಹೆಂಡತಿ. ಅವಳಿಗೆ ಬೇರೆ ಸಾಕ್ಷಿಯೂ ಸಿಕ್ಕಿತ್ತು. ನಮ್ಮ ಕರಿಬೇವಿನ ಗಿಡವನ್ನು ಬೋಳಿಸುವ, ಮೊದಲು ಹಕ್ಕಿ ಹಿಕ್ಕೆಯಂತಿದ್ದು ಆಮೇಲೆ ಹಸಿರಾಗುವ ಆ ಹುಳು ಇದೆಯಲ್ಲ, ಅದು ಈ ಬೇಲಿಯನ್ನೂ ಮೇಯುತ್ತಿತ್ತು. ಕಾಮನ್ ಮಾರ್ಮನ್ ಎಂಬ ಕರಿಚಿಟ್ಟೆಯ ಮರಿ; ನಿಂಬೆ, ಕರಿಬೇವು, ಕಾಡು ಕರಿಬೇವು, ಒಟ್ಟಿನಲ್ಲಿ ನಿಂಬೆಯ ಬಳಗವನ್ನೇ ಹುಡುಕಿ ಮೊಟ್ಟೆಯಿಡುತ್ತದೆ. ಹುಡುಗಿ ಫೋನಿನಲ್ಲಿ ನಕ್ಕಳು. “ಚಿಟ್ಟೆಗೆ ನಿಮಗಿಂತ ಚೆನ್ನಾಗಿ ಬಾಟನಿ ಬರುತ್ತೆ ಮಾವ.”

ನನ್ನ ತಲೆ ತಿರುಗಿದ್ದು ಆಮೇಲೆ. ಮೇಷ್ಟ್ರ ಗಡಿಯಲ್ಲಿ ಸಣ್ಣ ಸಣ್ಣ ನಸುಬಿಳಿ ಹೂವು ಜೊಂಪೆ ಜೊಂಪೆಯಾಗಿ ಬಂದು ಸಂಜೆ ಹೊತ್ತು ಘಮಘಮ ಎನ್ನತೊಡಗಿತು. ಎಲೆ ಎದುರುಬದುರು, ಬಲಿತ ರೆಂಬೆಯ ತುದಿ ಚೂಪಾಗಿ ಮುಳ್ಳು. ಅಪ್ಪಟ ಗೋರಂಟಿ! ಶಾಸ್ತ್ರದ ಹೆಸರಿನಲ್ಲಿ ‘ಇನರ್ಮಿಸ್’, ಅಂದರೆ ನಿರಾಯುಧ ಎಂದಿದೆ. ನಾಮಕರಣ ಮಾಡಿದವರು ಹಳೇ ಗಿಡಕ್ಕೆ ಕೈಹಾಕಿರಲಿಲ್ಲವೆಂದು ಕಾಣುತ್ತದೆ, ನಾನು ಹಾಕಿದೆ. ದಾಳಿಂಬೆಯೂ ಇದೂ ಒಂದೇ ವಂಶವಂತೆ. ಕಾರ್ತಿಕದ ಹೊತ್ತಿಗೆ ಗೇಟಿನ ಪಕ್ಕದಲ್ಲಿ ಕಾಗದದಂಥ ರೆಕ್ಕೆ ಕಟ್ಟಿಕೊಂಡ ಕಾಯಿಗಳು ತೂಗಿದವು. ಮಾಲಿಯ ಬಂದ್ರೆ. ಕಾರಿನ ಹತ್ತಿರದ್ದು ಮಾತ್ರ ಹೂವನ್ನೂ ಬಿಡಲಿಲ್ಲ, ಕಾಯನ್ನೂ ಬಿಡಲಿಲ್ಲ. ಆದರೆ ಹಾಲು, ಚಿಗುರಿಗೆ ಚೂಪು ಟೋಪಿ, ಟೋಪಿ ಉದುರಿದಲ್ಲಿ ಕಡ್ಡಿಯ ಸುತ್ತ ಉಂಗುರದ ಕಲೆ ನೋಡಿ ಹುಡುಗಿ ಆಲದ ಬಳಗ ಎಂದಳು. ಹಕ್ಕಿ ಹಾಕಿದ ಬೀಜವಿರಬೇಕು. ಬೇರು ಆಗಲೇ ಪಾಯದ ಕಡೆ ಹೊರಟಿತ್ತು.

ಒಂದೇ ಬೇಲಿ, ಐದು ಗಿಡ. ಪ್ರತಿಯೊಬ್ಬರೂ ತಮಗೆ ಹತ್ತಿರದ್ದನ್ನು ಕಿತ್ತು ಸರಿಯಾಗಿಯೇ ಹೇಳಿದ್ದರು. ತಪ್ಪು ಹೇಳಿದವರು ಇಬ್ಬರೇ, ಮೊಬೈಲು ಮತ್ತು ನಾನು. ಮಾಲಿಯನ್ನು ಹಿಡಿದು ಕೇಳಿದೆ. “ಎಲ್ಲಿ ಒಣಗ್ತೋ ಅಲ್ಲಿ ಸಿಕ್ಕಿದ್ದು ಸಿಕ್ಕಿಸ್ದೆ ಬುದ್ಧಿ. ನಮ್ಮಪ್ಪನೂ ಹಂಗೇ ಮಾಡ್ತಿದ್ದ. ಕತ್ತರಿಸಿದ ಮ್ಯಾಲೆ ಎಲ್ಲಾ ಒಂದೇ ತಾನೆ?” ಮೂರು ಸಲ ಯೋಚಿಸಿದೆ, ಉತ್ತರ ಹೊಳೆಯಲಿಲ್ಲ. ಆಲದ ಸಸಿ ಕೀಳಿಸಿದೆ. ಉಳಿದ ನಾಲ್ಕಕ್ಕೂ ವರ್ಷಕ್ಕೆರಡೇ ಸಲ ಕತ್ತರಿ ಎಂದು ಒಪ್ಪಂದವಾಯಿತು. ಸಂಬಳದ ವಿಷಯದಲ್ಲಿ ಇನ್ನೂ ಒಪ್ಪಂದವಾಗಿಲ್ಲ.

ಆ ವಾಕಿಂಗಿನ ಹಿರಿಯರು ದೀಪಾವಳಿ ಕಳೆದ ಮೇಲೆ ಮತ್ತೆ ಬಂದರು. ನಾನು ಅವರಿಗಾಗಿಯೇ ಕಾದಿದ್ದವನು ಗೇಟಿನಿಂದ ಶುರುಮಾಡಿ ಹಿತ್ತಲವರೆಗೆ ಕೈಹಿಡಿದು ನಡೆಸಿ, ದುರಾಂತೆ, ಓತಿಕೇತ, ಚಿಟ್ಟೆ, ಕಾರ್ನ್‌ವಾಲಿಸ್ ಯಾರನ್ನೂ ಬಿಡದೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ನಾನು ಹೆಸರು ಕೇಳಿದ್ದು ನಾಲ್ಕು ಕಡ್ಡಿ ಬೇಕಾಗಿತ್ತು ಅಂತ ಸಾರ್. ಹೊಸ ಮನೆ, ಕಾಂಪೌಂಡಿಗೆ ನೆಡೋಣ ಅಂತ” ಎಂದರು. “ಯಾವುದರ ಕಡ್ಡಿ ಬೇಕು?” ಎಂದೆ. “ಎಲ್ಲಾದರದ್ದೂ ಒಂದೊಂದು ಕೊಡಿ” ಎಂದು ಟವೆಲಿನಲ್ಲಿ ಕಟ್ಟಿಕೊಂಡು ಹೋದರು.

ಗೋರಂಟಿ ಮತ್ತು ಡುರಾಂಟ ಹತ್ತಿಕೊಂಡಿವೆಯಂತೆ. ಕಾಡು ಕರಿಬೇವು ಒಣಗಿತಂತೆ. ಬಂದ್ರೆಯ ಕಡ್ಡಿಗೂ ಬೇರು ಬಂದಿಲ್ಲ. ಖಾಲಿ ಬಿದ್ದ ಜಾಗಕ್ಕೆ ಏನಾದರೂ ಒಂದು ಶೋ ಗಿಡ ಇದ್ದರೆ ಕೊಡಿ ಎಂದು ಮೊನ್ನೆ ಮತ್ತೆ ಗೇಟಿನ ಹತ್ತಿರ ನಿಂತಿದ್ದರು.